ಇಪ್ಪತ್ತೆಂಟನೇ ಮನೆ

ನಾಡೀನ್ ಟ್ವೆಟ್ ಕಾಗದವನ್ನು ಮೇಜಿನ ಮೇಲೆ ಇಡಲಿಲ್ಲ,
ಹಾಸಿದಳು. ಅಂಗೈಯಿಂದ ಸವರಿ,
ಇಸ್ತ್ರಿ ಮಾಡುವವಳಂತೆ.
ಕೆಳಗಿನ ಎರಡು ಮಡಿಕೆ ಕೂಡುವಲ್ಲಿ
ಒಂದು ತೂತು, ಹೆಬ್ಬೆರಳಿನ ಉಗುರಿನಷ್ಟು.

ಕೋರ್ಟಿನ ನೆಲಮಾಳಿಗೆ. ನಾರ್ತ್ ಡಕೋಟಾ. ಫೆಬ್ರವರಿ.
ಕಿಟಕಿಯ ಅರ್ಧಕ್ಕೆ ಹಿಮ ನಿಂತಿದೆ,
ಮೇಲಿನರ್ಧದಲ್ಲಿ ಹೋಗಿಬರುವವರ ಬೂಟುಗಳು ಮಾತ್ರ.
ಮಾಜಿ ಸೈನಿಕರ ಅರ್ಜಿ ತುಂಬಿಕೊಡುವುದು ನನ್ನ ಕೆಲಸ:
ಕಿವಿ ಹೋದವರಿಗೆ ಕಿವಿಯ ಫಾರಮ್ಮು,
ಮಂಡಿ ಹೋದವರಿಗೆ ಮಂಡಿಯದು,
ಸತ್ತವರಿಗೊಂದು ಬಾವುಟ, ಪಾರ್ಸೆಲಿನಲ್ಲಿ.

"ನಿಮಗೇನು ಬೇಕು?"
"ಏನೂ ಬೇಡ. ಒಂದು ಪದ ಹೋಗಬೇಕು."

ಬಿಡುಗಡೆ ಪತ್ರದಲ್ಲಿ ಇಪ್ಪತ್ತೆಂಟನೇ ಮನೆ:
ಬಿಡುಗಡೆಗೆ ಕಾರಣ.
ಎಂಬತ್ತನಾಲ್ಕರಲ್ಲಿ ಯಾವನೋ ಗುಮಾಸ್ತ ಟೈಪು ಮಾಡಿದ ಪದ
ಇವಳ ಪ್ರತಿಯಲ್ಲಿ ಇಲ್ಲವೇ ಇಲ್ಲ.
ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಪತ್ರ ತೋರಿಸಬೇಕು;
ತೋರಿಸುವ ಮುಂಚೆ ಮಡಿಸುತ್ತಿದ್ದಳಂತೆ,
ಆ ಮನೆ ಒಳಗೆ ಬೀಳುವ ಹಾಗೆ.
ಗೋಧಿಯ ಗೋದಾಮು, ಶಾಲಾ ಬಸ್ಸಿನ ಗ್ಯಾರೇಜು,
ಆಸ್ಪತ್ರೆಯ ಬಾಯ್ಲರು,
ಮೂವತ್ತೆಂಟು ವರ್ಷ ಮಡಿಸಿ ಬಿಚ್ಚಿ ಮಡಿಸಿ
ಪದ ತಾನೇ ಸವೆದು ಉದುರಿಹೋಯಿತು.

ಪರಿಶೀಲನಾ ಮಂಡಳಿಗೆ ತೂತು ಸಾಲದು.
ಓದಲು ಬರುವ ಪ್ರತಿ ಲಗತ್ತಿಸಿ, ಎನ್ನುತ್ತದೆ ಫಾರಮ್ಮು.
ದಫ್ತರಖಾನೆಗೆ ಬರೆದು ತರಿಸಿದೆ, ಏಳು ವಾರ.
ಲಕೋಟೆ ಒಡೆದರೆ ಅದು ಅಲ್ಲೇ ಕೂತಿತ್ತು,
ನಿನ್ನೆ ಹೊಡೆದ ಹಾಗೆ, ಕಪ್ಪಗೆ:
ಸಲಿಂಗಕಾಮ.

ಅವಳು ಓದಿದಳು. ಕನ್ನಡಕ ತೆಗೆದು ಒರೆಸಿದಳು.
ಮತ್ತೆ ಓದಿದಳು.
"ಅದನ್ನು ತಪ್ಪಿಲ್ಲದೆ ಬರೆದಿದ್ದಾರೆ," ಅಂದಳು,
"ನನ್ನ ಹೆಸರಲ್ಲಿ ಮಾತ್ರ ಒಂದಕ್ಷರ ಬಿಟ್ಟಿದ್ದಾರೆ."

ಮೂರನೇ ಪುಟ: ನಡೆದದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
ಅವಳು ಹೇಳಿದಳು, ನಾನು ಟೈಪು ಮಾಡಿದೆ.
ಹೆಲಿಕಾಪ್ಟರಿನ ಗೇರುಪೆಟ್ಟಿಗೆ ಬಿಚ್ಚಿ ಜೋಡಿಸುತ್ತಿದ್ದೆ.
ನಾನು ಜೋಡಿಸಿದ್ದು ಯಾವುದೂ ಆಕಾಶದಿಂದ ಬೀಳಲಿಲ್ಲ.
ಒಂದು ಮಂಗಳವಾರ ನನ್ನ ಬೀರು ತೆಗೆಸಿದರು,
ಕಾಲುಚೀಲದೊಳಗೆ ಒಂದು ಪತ್ರ ಸಿಕ್ಕಿತು.
ಎರಡು ದಿನ, ಒಂದೇ ಪ್ರಶ್ನೆ: ಬರೆದವಳು ಯಾರು?

ಅಲ್ಲಿಗೆ ನಿಲ್ಲಿಸಿದಳು.

"ಹೆಸರು ಹಾಕಿದರೆ ಅರ್ಜಿಗೆ ಬಲ," ಅಂದೆ,
"ಅವರೂ ಒಂದು ಮಾತು ಬರೆದುಕೊಟ್ಟರೆ..."
"ಹೋದ ವರ್ಷ ತೀರಿಕೊಂಡಳು. ಮೊಮ್ಮಕ್ಕಳಿದ್ದಾರೆ."
"ಹಾಗಾದರೆ ಇನ್ನು ಯಾರಿಗೇನು ತೊಂದರೆ?"

ಆ ಎರಡು ದಿನ ಅವರನ್ನು ಹೇಗೆ ನೋಡಿದ್ದಳೋ
ಹಾಗೆಯೇ ಇರಬೇಕು, ನನ್ನನ್ನು ನೋಡಿದ್ದು.
ಕೀಲಿಮಣೆಯಿಂದ ಬೆರಳು ತೆಗೆದೆ.
ರೇಡಿಯೇಟರು ಎರಡು ಸಲ ಕೆಮ್ಮಿತು.

ಕೊನೆಗೆ ಬರೆದದ್ದು ಇಷ್ಟೇ:
ಹೆಸರು ಆಗ ಕೊಡಲಿಲ್ಲ. ಈಗಲೂ ಇಲ್ಲ.

ಹದಿನೆಂಟು ತಿಂಗಳು ಕಳೆದು,
ಬೀಟ್‌ಗೆಡ್ಡೆಯ ಲಾರಿಗಳು ದಾರಿಯುದ್ದಕ್ಕೂ ಮಣ್ಣು ಉದುರಿಸುವ
ಅಕ್ಟೋಬರಿನಲ್ಲಿ ಉತ್ತರ ಬಂತು.
ಇಪ್ಪತ್ತೆಂಟನೇ ಮನೆಯಲ್ಲಿ ಹೊಸ ಒಕ್ಕಲು:
ಕಾರ್ಯದರ್ಶಿಯ ಅಧಿಕಾರದ ಮೇರೆಗೆ.

"ಹಾಗಂದರೇನು?"
"ಏನೂ ಇಲ್ಲ," ಅಂದೆ. "ಕಾರಣ ಹೇಳದಿರುವಾಗ ಹಾಕುವ ಮಾತು."
"ಏನೂ ಇಲ್ಲ," ಅಂದಳು,
ಉಪ್ಪು ಸಾಕೇ ಎಂದು ನಾಲಗೆಗೆ ಹಚ್ಚಿ ನೋಡುವವಳಂತೆ.
"ಮೊದಲಿನಿಂದಲೂ ಅದೇ ಅಲ್ಲವೇ ಕಾರಣ?"

ಮಡಿಸಬೇಡಿ ಎಂದು ದೊಡ್ಡ ಲಕೋಟೆ ಕೊಟ್ಟೆ.
ಕೈ ಕೇಳಲಿಲ್ಲ, ಹೊಸದನ್ನೂ ನಾಲ್ಕಾಗಿ ಮಡಿಸಿತು.
ದಫ್ತರಖಾನೆಯ ಪ್ರತಿ ನನ್ನ ಮೇಜಿನ ಮೇಲೇ ಉಳಿಯಿತು,
ಬೇಕಂತಲೇ ಬಿಟ್ಟಳೋ ಏನೋ.

ತೂತಿನದನ್ನು ಮಾತ್ರ ಬಿಡಲಿಲ್ಲ.
ಹೊರಡುವ ಮುಂಚೆ ಕಿಟಕಿಗೆ ಹಿಡಿದು
ಒಂದು ಕಣ್ಣು ಮುಚ್ಚಿ
ಅದರೊಳಗಿಂದ ನೋಡಿದಳು.
"ಏನು ಕಾಣುತ್ತದೆ?" ಅಂದೆ.
"ಯಾರದೋ ಬೂಟು," ಅಂದಳು. "ಲಾಡಿ ಬಿಚ್ಚಿದೆ."